ಬಾಟಲಿಯಲ್ಲಿ ಹಾಲು ಉಳಿದರೆ ಮಗುವಿಗೆ ಸಾಲಲಿಲ್ಲ ಎಂದಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಮಲ್ಪೆ ಹತ್ತಿರ. ಮಗಳಿಗೆ ಈಗ ಹತ್ತು ವಾರ. ಹುಟ್ಟಿದಾಗ 2.8 ಕೆಜಿ ಇದ್ದಳು. ಮೊನ್ನೆ ಚುಚ್ಚುಮದ್ದಿಗೆ ಹೋದಾಗ ತೂಗಿದರು, 4.8 ಕೆಜಿ. ಹೆರಿಗೆಯಾದ ಮೇಲೆ ನಾನು ಕಾಯಿಲೆ ಬಿದ್ದು ಎದೆಹಾಲು ತುಂಬಾ ಕಡಿಮೆಯಾಯಿತು. ಡಾಕ್ಟರು ಹೇಳಿದ ಮೇಲೆ ಒಂದು ತಿಂಗಳಿಂದ ಪೂರ್ತಿ ಡಬ್ಬಿ ಹಾಲೇ. ಡಬ್ಬಿಯ ಮೇಲೆ ಈ ವಯಸ್ಸಿಗೆ 150 ಮಿ.ಲೀ.ನಂತೆ ದಿನಕ್ಕೆ ಐದು ಸಲ ಎಂದಿದೆ. ಇವಳು 90, 100 ಕುಡಿದು ಮುಖ ತಿರುಗಿಸುತ್ತಾಳೆ. ದಿನಕ್ಕೆ ಏಳು ಸಲ ಕೊಡುತ್ತೇನೆ. ಸಂಜೆ ಒಂದು ಸಲ ಮಾತ್ರ 120 ಕುಡಿಯುತ್ತಾಳೆ, ಆಮೇಲೂ ಅಳುತ್ತಾಳೆ. ಅತ್ತೆ, "ಹಾಲು ತೆಳ್ಳಗಾಯ್ತು, ಇನ್ನೊಂದು ಚಮಚ ಪುಡಿ ಹಾಕು, ಹೊಟ್ಟೆ ನಿಲ್ಲುತ್ತದೆ" ಎನ್ನುತ್ತಾರೆ. ಸರಿಯಾಗಿ ಎಷ್ಟು ಕೊಡಬೇಕು? ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠ ಎಂದು ಬರೆದದ್ದನ್ನು ಓದಿದಾಗೆಲ್ಲ ಸಂಕಟವಾಗುತ್ತದೆ.

ಉತ್ತರ: ಮೊದಲು ಲೆಕ್ಕ ಮಾಡಿಬಿಡೋಣ. ಉತ್ತರದ ಅರ್ಧ ನಿಮ್ಮ ಪತ್ರದಲ್ಲೇ ಇದೆ.

ದಿನ ತುಂಬಿ ಹುಟ್ಟಿ, ಒಂದು ವಾರ ದಾಟಿ, ಆರೋಗ್ಯವಾಗಿರುವ ಮಗುವಿಗೆ ಡಬ್ಬಿ ಹಾಲು ಮಾತ್ರ ಕೊಡುತ್ತಿದ್ದರೆ ನಾವು ಮಕ್ಕಳ ಡಾಕ್ಟರುಗಳು ಹಿಡಿಯುವ ಲೆಕ್ಕ ಸರಳವಾದದ್ದು. ಮಗುವಿನ ತೂಕದ ಒಂದೊಂದು ಕೆಜಿಗೆ ದಿನಕ್ಕೆ ಸುಮಾರು 150 ಮಿ.ಲೀ. ಹಾಲು. ಕೆಲವು ಮಕ್ಕಳು 180, 200ರವರೆಗೂ ಕುಡಿಯುತ್ತವೆ. ಕೆಲವಕ್ಕೆ 130 ಸಾಕು. ನಿಮ್ಮ ಮಗಳ 4.8 ಕೆಜಿಯನ್ನು 150ರಿಂದ ಗುಣಿಸಿದರೆ 720. ಅವಳು ಆರು ಸಲ 95ರಂತೆ ಕುಡಿದರೆ 570 ಆಯಿತು. ಸಂಜೆಯ 120 ಸೇರಿಸಿದರೆ 690. ಕೆಜಿಗೆ ಸುಮಾರು 144 ಬಿತ್ತು. ಡಬ್ಬಿ ಹೇಳಿದಂತೆ 150ರ ಐದು ಬಾಟಲಿ ಕುಡಿದಿದ್ದರೆ 750 ಆಗುತ್ತಿತ್ತು. ಇಡೀ ದಿನಕ್ಕೆ ವ್ಯತ್ಯಾಸ 60 ಮಿ.ಲೀ. ಅಷ್ಟೇ. ಡಬ್ಬಿಯ ಪಟ್ಟಿ ಸರಾಸರಿ ತೂಕದ ಮಗುವಿಗೆ ಮಾಡಿದ್ದು. ಹತ್ತು ವಾರದ ಹೆಣ್ಣುಮಗುವಿನ ಸರಾಸರಿ ತೂಕ ನಿಮ್ಮ ಮಗಳಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಇವಳು ಹುಟ್ಟಿದ್ದೇ ಸಣ್ಣಗೆ. ತನ್ನ ಮೈಗೆ ತಕ್ಕಷ್ಟು ಕುಡಿಯುತ್ತಿದ್ದಾಳೆ, ಐದು ಸಲದ ಬದಲು ಏಳು ಸಲ ಹಂಚಿಕೊಂಡಿದ್ದಾಳೆ.

ಇನ್ನು ತೂಕ. ಎಪ್ಪತ್ತು ದಿನದಲ್ಲಿ ಎರಡು ಕೆಜಿ ಏರಿದೆ. ದಿನಕ್ಕೆ 28 ಗ್ರಾಂ ಹತ್ತಿರ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ನಾವು ಖುಷಿಪಡುತ್ತೇವೆ. ಹಾಗಾಗಿ ನಿಮ್ಮ ಮಗಳಿಗೆ ಹಾಲು ಸಾಲುತ್ತಿದೆ. ಇದನ್ನು ಅತ್ತೆಯವರಿಗೂ ಓದಿ ಹೇಳಿ.

ಹಾಗಾದರೆ ಒಂದು ಸಲಕ್ಕೆ ಎಷ್ಟು ಕಲಸಬೇಕು? 90 ಮಿ.ಲೀ. ನೀರಿಗೆ ಮೂರು ಸ್ಕೂಪ್ (ಡಬ್ಬಿಯೊಳಗೇ ಬರುವ ಅಳತೆಯ ಚಮಚ) ಪುಡಿ ಹಾಕಿ ಕೊಡಿ. ಬಾಟಲಿ ಖಾಲಿ ಮಾಡಿ ಮತ್ತೂ ಬಾಯಿ ಚಾಚಿದರೆ ಮುಂದಿನ ಸಲ 120ಕ್ಕೆ ನಾಲ್ಕು ಸ್ಕೂಪ್ ಮಾಡಿ. ಒಂದೆರಡು ದಿನ ಎಲ್ಲ ಬಾಟಲಿಯನ್ನೂ ಮುಗಿಸುತ್ತಿದ್ದರೆ ಅವಳ ಅಳತೆ ಏರಿಸುವ ಹೊತ್ತು ಬಂತು ಎಂದು ತಿಳಿಯಿರಿ. ಒಂದು ಹೊತ್ತು 60ಕ್ಕೇ ಸಾಕು ಎಂದರೆ ಬಿಡಿ. ನಮಗೂ ಎಲ್ಲ ಊಟದಲ್ಲೂ ಒಂದೇ ಹಸಿವು ಇರುವುದಿಲ್ಲ ಅಲ್ವಾ. ನೋಡಬೇಕಾದದ್ದು ಇಡೀ ದಿನದ ಮೊತ್ತ, ಅದಕ್ಕಿಂತ ಹೆಚ್ಚಾಗಿ ವಾರಗಳಲ್ಲಿ ಏರುವ ತೂಕ.

ಉಡುಪಿ ಸುತ್ತಮುತ್ತಲಿನ ಎಷ್ಟೋ ಮನೆಗಳಲ್ಲಿ ನಾನು ಕಂಡಿರುವುದು ಇದರ ಉಲ್ಟಾ. ಎಷ್ಟು ಕುಡಿಯಬೇಕು ಎನ್ನುವುದರಲ್ಲಿ ಎಲ್ಲರಿಗೂ ಹಟ. ಬಾಟಲಿ ಮುಗಿಸದೆ ಮಗುವನ್ನು ಬಿಡುವುದಿಲ್ಲ. ಹಾಲು ಕಲಸುವಾಗ ಮಾತ್ರ ಒಬ್ಬರಿಗೆ ಒಂದು ಕೈ, ಒಂದು ಅಂದಾಜು. ಇದು ಅದಲುಬದಲಾಗಬೇಕು. ಕುಡಿಯುವ ಪ್ರಮಾಣವನ್ನು ಮಗುವಿಗೆ ಬಿಡಿ. ಕಲಸುವ ಅಳತೆಯಲ್ಲಿ ಒಂದು ಚೂರೂ ಸಡಿಲ ಬಿಡಬೇಡಿ. ನಿಮ್ಮ ಪತ್ರ ಓದಿದಾಗ ನನಗೆ ಆತಂಕವಾದದ್ದು ಉಳಿದ ಹಾಲಿನಿಂದಲ್ಲ, ಆ "ಇನ್ನೊಂದು ಚಮಚ"ದಿಂದ.

90 ಮಿ.ಲೀ. ನೀರಿಗೆ ಮೂರರ ಬದಲು ನಾಲ್ಕು ಸ್ಕೂಪ್ ಹಾಕಿದರೆ ಹಾಲು ಮೂರನೇ ಒಂದು ಪಾಲಿನಷ್ಟು ಗಟ್ಟಿಯಾಗುತ್ತದೆ. ಉಪ್ಪಿನ ಅಂಶ, ಪ್ರೋಟೀನು ಎಲ್ಲವೂ ಅಷ್ಟೇ ಜಾಸ್ತಿ. ಹತ್ತು ವಾರದ ಮಗುವಿನ ಕಿಡ್ನಿ ಇನ್ನೂ ಎಳೆಯದು. ಇಷ್ಟನ್ನು ಹೊರಹಾಕಲು ಅದಕ್ಕೆ ತುಂಬಾ ನೀರು ಬೇಕು. ಮೈಯಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ. ಮಗುವಿಗೆ ಬಾಯಾರುತ್ತದೆ, ಅಳುತ್ತದೆ. ಮನೆಯವರು ಹಸಿವು ಎಂದುಕೊಂಡು ಮತ್ತೆ ಅದೇ ಗಟ್ಟಿ ಹಾಲು ಕೊಡುತ್ತಾರೆ. ಮಲ ಗಟ್ಟಿಯಾಗುತ್ತದೆ, ಉಚ್ಚೆ ಹಳದಿಯಾಗುತ್ತದೆ. ಕೆಲವು ಮಕ್ಕಳಿಗೆ ರಕ್ತದಲ್ಲಿ ಉಪ್ಪು ಏರಿ ಆಸ್ಪತ್ರೆ ಸೇರುವ ಸ್ಥಿತಿ ಬರುತ್ತದೆ. ಹೊಟ್ಟೆ ನಿಲ್ಲಲಿ ಎಂದು ಪ್ರೀತಿಯಿಂದ ಹಾಕಿದ ಒಂದು ಚಮಚದಿಂದ ಇಷ್ಟೆಲ್ಲ ಆಗಬಹುದು.

ಇದರ ವಿರುದ್ಧ ತಪ್ಪೂ ಇದೆ. ಡಬ್ಬಿ ದುಬಾರಿ. ನಾಲ್ಕು ದಿನ ಹೆಚ್ಚು ಬರಲಿ ಎಂದು ನೀರು ಜಾಸ್ತಿ ಮಾಡುವವರಿದ್ದಾರೆ. ಅಂಥ ಹಾಲಿನಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ತೂಕ ನಿಲ್ಲುತ್ತದೆ. ನೀರು ತೀರಾ ಜಾಸ್ತಿಯಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಗಂಜಿ ತೆಳಿಯಲ್ಲಿ ಪುಡಿ ಕಲಸುವುದು, ಕಲ್ಲುಸಕ್ಕರೆ ಹಾಕುವುದು ಕೂಡ ಬೇಡವೇ ಬೇಡ.

ನನ್ನಲ್ಲಿಗೆ ಬರುವ ಅಮ್ಮಂದಿರಿಗೆ ನಾನು ಡಬ್ಬಿ, ಸ್ಕೂಪ್, ಬಾಟಲಿ ತಂದು ನನ್ನೆದುರೇ ಹಾಲು ಕಲಸಿ ತೋರಿಸಿ ಎನ್ನುತ್ತೇನೆ. ಅಲ್ಲಿ ಎಲ್ಲ ಗೊತ್ತಾಗುತ್ತದೆ. ಸ್ಕೂಪನ್ನು ಡಬ್ಬಿಯ ಗೋಡೆಗೆ ಒತ್ತಿ ಪುಡಿಯನ್ನು ಗಟ್ಟಿಯಾಗಿ ತುಂಬುತ್ತಾರೆ. ಮೇಲೆ ಗೋಪುರದ ಹಾಗೆ ನಿಂತಿರುತ್ತದೆ. ಅದನ್ನೇ "ಒಂದು" ಎಂದು ಎಣಿಸುತ್ತಾರೆ. ಇನ್ನು ಕೆಲವರು ಮೊದಲು ಪುಡಿ ಹಾಕಿ, ಆಮೇಲೆ 90ರ ಗೆರೆಯವರೆಗೆ ನೀರು ತುಂಬಿಸುತ್ತಾರೆ. ಆಗ ನೀರು 90 ಇರುವುದಿಲ್ಲ, 80ರ ಆಸುಪಾಸು ಇರುತ್ತದೆ. ಹಾಲು ತನ್ನಷ್ಟಕ್ಕೇ ಗಟ್ಟಿಯಾಯಿತು. ಹಳೆಯ ಡಬ್ಬಿಯ ಸ್ಕೂಪನ್ನು ಹೊಸ ಕಂಪನಿಯ ಡಬ್ಬಿಗೆ ಹಾಕಿಕೊಂಡವರೂ ಇದ್ದಾರೆ. ಒಂದೊಂದು ಕಂಪನಿಯ ಸ್ಕೂಪ್ ಒಂದೊಂದು ಅಳತೆ.

ಸರಿಯಾದ ಕ್ರಮ ಹೀಗೆ. ಮೊದಲು ಬಾಟಲಿಗೆ ನೀರು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ಆಮೇಲೆ ಪುಡಿ. ಸ್ಕೂಪನ್ನು ಸಡಿಲವಾಗಿ ತುಂಬಿ, ಒಣಗಿದ ಚೂರಿಯ ಬೆನ್ನಿನಿಂದ ಮೇಲಿನದನ್ನು ಸವರಿ ಮಟ್ಟ ಮಾಡಿ. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಸ್ಕೂಪ್ ಎಂದಿರುತ್ತದೆ, ಆದರೂ ನಿಮ್ಮ ಡಬ್ಬಿಯಲ್ಲಿ ಏನಿದೆ ಎಂದು ಓದಿಯೇ ಹಾಕಿ. 90ಕ್ಕೆ ಮೂರು ಸ್ಕೂಪ್ ಕರಗಿದ ಮೇಲೆ ಬಾಟಲಿಯಲ್ಲಿ ಹಾಲು 100ರ ಹತ್ತಿರ ನಿಲ್ಲುತ್ತದೆ. ಅದು ಸರಿಯೇ. ಅರ್ಧ ಸ್ಕೂಪಿನ ಅಂದಾಜು ಬೇಡ. ಬಾಟಲಿಯ ಗೆರೆಗಳ ಮೇಲೂ ಕಣ್ಣು ಮುಚ್ಚಿ ನಂಬಿಕೆ ಬೇಡ. ಮೆಡಿಕಲ್‌ನಲ್ಲಿ ಸಿಗುವ 10 ಮಿ.ಲೀ. ಸಿರಿಂಜಿನಿಂದ ಒಮ್ಮೆ ನೀರು ಹಾಕಿ ಗೆರೆ ಸರಿಯಿದೆಯೇ ನೋಡಿಕೊಳ್ಳಿ.

ಇನ್ನೊಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಸ್ಕೂಪ್ ಒಂದಕ್ಕೆ ಸುಮಾರು ನಾಲ್ಕೂವರೆ ಗ್ರಾಂ ಹಿಡಿಯುವ ಡಬ್ಬಿಯಾದರೆ, ನಿಮ್ಮ ಮಗಳಿಗೆ ದಿನಕ್ಕೆ 21 ಸ್ಕೂಪ್ ಹತ್ತಿರ ಬೇಕು. ಅಂದರೆ 90, 95 ಗ್ರಾಂ. 400 ಗ್ರಾಂ ಡಬ್ಬಿ ನಾಲ್ಕು ದಿನ ಚಿಲ್ಲರೆ ಬರಬೇಕು. ಮೂರೇ ದಿನಕ್ಕೆ ಖಾಲಿಯಾದರೆ ಯಾರೋ ಸ್ಕೂಪ್ ಜಾಸ್ತಿ ಹಾಕುತ್ತಿದ್ದಾರೆ, ಇಲ್ಲವೇ ಕಲಸಿದ ಹಾಲು ತುಂಬಾ ಪೋಲಾಗುತ್ತಿದೆ. ಒಂದು ವಾರ ಬಂದರೆ ಹಾಲು ತೆಳ್ಳಗಾಗಿದೆ, ಇಲ್ಲವೇ ಮಗು ಕುಡಿಯುವುದೇ ಕಡಿಮೆಯಾಗಿದೆ. ಡಬ್ಬಿ ತೆರೆದ ದಿನವನ್ನು ಮುಚ್ಚಳದ ಮೇಲೆ ಬರೆದಿಡಿ. ಮನೆಯಲ್ಲಿ ಮೂರು ಜನ ಹಾಲು ಕಲಸುವವರಿದ್ದರೆ ಇದು ತುಂಬಾ ಉಪಯೋಗ.

ಮಲ್ಪೆ ಎಂದಿದ್ದೀರಿ, ಹಾಗಾಗಿ ನೀರಿನ ಬಗ್ಗೆ ಹೇಳಲೇಬೇಕು. ಕಡಲಿನ ಬದಿಯ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ದೊಡ್ಡವರ ನಾಲಿಗೆಗೆ "ಸ್ವಲ್ಪ ಉಪ್ಪು" ಎನಿಸುವ ನೀರೂ ದಿನಕ್ಕೆ ಏಳು ಬಾಟಲಿ ಕುಡಿಯುವ ಮಗುವಿಗೆ ಒಳ್ಳೆಯದಲ್ಲ. ಬಾವಿ ನೀರು ಉಪ್ಪಾದ ತಿಂಗಳುಗಳಲ್ಲಿ ಮಗುವಿನ ಹಾಲಿಗೆ ಮಾತ್ರವಾದರೂ ಬೇರೆ ನೀರು ತನ್ನಿ. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುವ ನಗರಸಭೆ ನೀರು ಸಿಕ್ಕರೆ ಸಾಕು. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಬಾವಿ ತುಂಬಿ, ಸುತ್ತಲಿನ ಹೊಲಸು ನೀರು ಒಳಗೆ ಇಳಿದಿರುತ್ತದೆ. ಫಿಲ್ಟರ್ ಇದ್ದರೂ ಕುದಿಸಿ. ಗುಳ್ಳೆ ಎದ್ದು ಚೆನ್ನಾಗಿ ಕುದಿಯಬೇಕು.

ಕುದಿಸಿದ ನೀರನ್ನು ಪೂರ್ತಿ ಆರಿಸಬೇಡಿ. ಹಾಲಿನ ಪುಡಿ ಕ್ರಿಮಿರಹಿತ ಅಲ್ಲ. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಪರೂಪಕ್ಕೆ ಅದರಲ್ಲಿರಬಹುದು. ಎರಡು ತಿಂಗಳೊಳಗಿನ ಮಕ್ಕಳಿಗೆ, ದಿನ ತುಂಬದೆ ಹುಟ್ಟಿದವರಿಗೆ ಅದು ತುಂಬಾ ಅಪಾಯ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಸಲಹೆಯಲ್ಲಿ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎಂದಿದೆ. ಕುದಿಸಿದ ನೀರನ್ನು ಮುಚ್ಚಿಟ್ಟು ಅರ್ಧ ಗಂಟೆಯೊಳಗೆ ಬಳಸಿ. ಸ್ವಲ್ಪವೇ ನೀರಾದರೆ ಬೇಗ ಆರುತ್ತದೆ, ಇನ್ನೂ ಮೊದಲೇ ಕಲಸಿ. ಆಮೇಲೆ ಬಾಟಲಿಗೆ ಮುಚ್ಚಳ ಹಾಕಿ ತಣ್ಣೀರಿನ ಪಾತ್ರೆಯಲ್ಲಿ ನಿಲ್ಲಿಸಿ ಆರಿಸಿ. ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟು ನೋಡದೆ ಬಾಯಿಗೆ ಕೊಡಬೇಡಿ. ನಿಮ್ಮ ಡಬ್ಬಿಯಲ್ಲಿ ಉಗುರು ಬೆಚ್ಚಗಿನ ನೀರು ಎಂದೇ ಬರೆದಿದ್ದರೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ.

ಉಳಿದ ಹಾಲು ಚೆಲ್ಲಲು ಮನಸ್ಸು ಬಾರದಿರುವುದು ನನಗೆ ಅರ್ಥವಾಗುತ್ತದೆ. ಆದರೂ ಚೆಲ್ಲಿ. ಮಗು ಬಾಯಿ ಹಾಕಿದ ಬಾಟಲಿಗೆ ಜೊಲ್ಲು ಸೇರಿರುತ್ತದೆ, ನಮ್ಮ ಸೆಕೆಗೆ ಕ್ರಿಮಿ ಬೇಗ ಬೆಳೆಯುತ್ತದೆ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಮೊದಲೇ ಕಲಸಿ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಬಹುದು ಎನ್ನುತ್ತಾರೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ನಮ್ಮೂರಲ್ಲಿ ನಾನು ಅದನ್ನು ಹೇಳುವುದಿಲ್ಲ. ಮಂಗಳೂರಿಗೆ ಬಸ್ಸಿನಲ್ಲಿ ಹೋಗುವುದಿದ್ದರೆ ಬಿಸಿನೀರನ್ನು ಫ್ಲಾಸ್ಕಿನಲ್ಲಿ, ಅಳೆದ ಪುಡಿಯನ್ನು ಬೇರೆ ಒಣ ಡಬ್ಬದಲ್ಲಿ ಒಯ್ಯಿರಿ. ಪೋಲು ಕಡಿಮೆ ಮಾಡಬೇಕೆಂದರೆ ಕಡಿಮೆ ಕಲಸಿ. ಮೊದಲು 60, ಬೇಕೆಂದರೆ ಇನ್ನೊಂದು 30. ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿದರೆ ಸ್ಕೂಪಿನ ಅಳತೆಯೂ ತಪ್ಪುತ್ತದೆ, ಅಂಥದ್ದನ್ನು ಬಳಸಬೇಡಿ. ಡಬ್ಬಿಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಒಲೆಯ ಹತ್ತಿರವೂ ಬೇಡ.

ಈಗ ಕುಡಿಸುವ ಬಗೆ. ಮಗುವನ್ನು ತೋಳಿನಲ್ಲಿ ಸ್ವಲ್ಪ ನೇರವಾಗಿ ಕೂರಿಸಿಕೊಳ್ಳಿ. ಬಾಟಲಿಯನ್ನು ತಲೆಕೆಳಗು ಮಾಡದೆ, ನಿಪ್ಪಲ್ ತುಂಬುವಷ್ಟು ಮಾತ್ರ ಓರೆ ಮಾಡಿ. ಅವಳು ಹೀರಿ, ನುಂಗಿ, ಉಸಿರಾಡಿ ಮತ್ತೆ ಹೀರಲಿ. ನಡುನಡುವೆ ನಿಲ್ಲಿಸಿ ತೇಗು ಬರಿಸಿ. ಒಂದು ಬಾಟಲಿಗೆ ಹದಿನೈದು, ಇಪ್ಪತ್ತು ನಿಮಿಷ ಹಿಡಿದರೆ ಒಳ್ಳೆಯದು. ಐದೇ ನಿಮಿಷಕ್ಕೆ ಖಾಲಿಯಾದರೆ ನಿಪ್ಪಲಿನ ತೂತು ದೊಡ್ಡದಾಗಿದೆ. ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವ ಮೊದಲೇ ಹಾಲು ಒಳಗೆ ಹೋಗಿರುತ್ತದೆ, ಆಮೇಲೆ ಕಕ್ಕುತ್ತದೆ. ಮುಖ ತಿರುಗಿಸುವುದು, ತುಟಿ ಬಿಗಿ ಹಿಡಿಯುವುದು, ನಾಲಿಗೆಯಿಂದ ನಿಪ್ಪಲ್ ಹೊರಗೆ ದೂಡುವುದು, ಬಿಗಿಯಾಗಿದ್ದ ಮುಷ್ಟಿ ಸಡಿಲವಾಗುವುದು, ಇವೆಲ್ಲ ಸಾಕು ಎನ್ನುವ ಮಾತು. ಅಲ್ಲಿಗೆ ನಿಲ್ಲಿಸಿ. ನಿದ್ದೆಯಲ್ಲಿ ನಿಪ್ಪಲ್ ತುರುಕಿ "ಮುಗಿಸಿದಳು" ಎಂದು ಸಮಾಧಾನಪಡುವುದು ಬೇಡ. ದಿಂಬಿಗೆ ಬಾಟಲಿ ಒರಗಿಸಿ ಬಿಟ್ಟುಹೋಗಲೇಬಾರದು, ಉಸಿರುಗಟ್ಟಬಹುದು.

ಸಂಜೆಯ ಅಳು ಬೇರೆ ವಿಷಯ. ಈ ವಯಸ್ಸಿನ ತುಂಬಾ ಮಕ್ಕಳು ಸಂಜೆ ಹೊತ್ತಿಗೆ ಹಟ ಮಾಡುತ್ತವೆ. ಆರು ವಾರದ ಹೊತ್ತಿಗೆ ಅದು ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. 120 ಕುಡಿದು ಹತ್ತು ನಿಮಿಷಕ್ಕೆ ಅತ್ತರೆ ಮೊದಲು ತೇಗು ಬರಿಸಿ, ಲಂಗೋಟಿ ನೋಡಿ, ಸೆಕೆಯಾಗುತ್ತಿದೆಯೇ ನೋಡಿ. ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ನಾಲ್ಕು ಹೆಜ್ಜೆ ಓಡಾಡಿ. ಆಗಲೂ ಕೈ ಚೀಪುತ್ತಾ ತಲೆ ತಿರುಗಿಸಿ ಹುಡುಕುತ್ತಿದ್ದರೆ ಇನ್ನೊಂದು 30 ಕೊಡಿ. ಗ್ರೈಪ್ ವಾಟರ್, ಜೇನು, ಬಜೆ ಯಾವುದೂ ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ಅಪಾಯ. ಎಷ್ಟೇ ಸೆಕೆಯಿದ್ದರೂ ಆರು ತಿಂಗಳೊಳಗೆ ಬೇರೆ ನೀರು ಕುಡಿಸಬೇಕಿಲ್ಲ, ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಇಲ್ಲಿ ಅತ್ತೆಯವರ ಸಹಾಯ ಕೇಳಿ. ಅಳುವ ಮಗುವನ್ನು ಎತ್ತಿ ಸಮಾಧಾನ ಮಾಡುವ ಕೈ ಅವರಿಗಿದೆ, ಅದು ಒಂದು ಚಮಚ ಪುಡಿಗಿಂತ ದೊಡ್ಡ ಉಪಕಾರ.

ಇದನ್ನು ಓದುವ ಬೇರೆ ತಾಯಂದಿರಿಗೂ ಎರಡು ಮಾತು. ಈಗಷ್ಟೇ ಹುಟ್ಟಿದ ಮಗುವಿಗೆ 150ರ ಲೆಕ್ಕ ಹಾಕಬೇಡಿ. ಮೊದಲ ದಿನ ಕೆಜಿಗೆ 60 ಮಿ.ಲೀ. ಸುಮಾರು, ದಿನ ದಿನ ಏರುತ್ತಾ ವಾರದ ಕೊನೆಗೆ 150. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ದಿನ ತುಂಬದೆ ಅಥವಾ ತೀರಾ ಸಣ್ಣಗೆ ಹುಟ್ಟಿದ ಮಗುವಿಗೆ ಈ ಯಾವ ಲೆಕ್ಕವೂ ಅಲ್ಲ, ನಿಮ್ಮ ಡಾಕ್ಟರು ಹೇಳಿದ್ದೇ ಲೆಕ್ಕ. ಇನ್ನೊಂದು ಕಡೆ, ತೂಕ ಏರಿತೆಂದು ಹಾಲು ಏರುತ್ತಲೇ ಹೋಗುವುದಿಲ್ಲ. ದಿನಕ್ಕೆ ಒಂದು ಲೀಟರ್ ದಾಟುತ್ತಿದ್ದರೆ ಒಮ್ಮೆ ತೋರಿಸಿ. ಆರು ತಿಂಗಳಿಗೆ ರಾಗಿ ಮಣ್ಣಿ, ಮೆತ್ತಗೆ ಬೇಯಿಸಿದ ಅನ್ನ ಬೇಳೆ ಶುರುವಾದ ಮೇಲೆ ಹಾಲು ತಾನಾಗಿ ಕಡಿಮೆಯಾಗುತ್ತದೆ.

ಡಬ್ಬಿಯ ಮೇಲಿನ ಆ ಸಾಲಿನ ಬಗ್ಗೆ ಬರೆದಿದ್ದೀರಿ. ಅದು ಅಲ್ಲಿರುವುದು 1992ರ ಕಾನೂನಿನಿಂದ. ಕಂಪನಿಗಳು ಡಬ್ಬಿ ಹಾಲನ್ನು ಜಾಹೀರಾತು ಮಾಡಿ, ದುಂಡು ಮಗುವಿನ ಚಿತ್ರ ಹಾಕಿ, ಎದೆಹಾಲು ಕೊಡಬಲ್ಲ ತಾಯಂದಿರನ್ನು ಮರುಳು ಮಾಡಬಾರದೆಂದು ತಂದ ಕಾನೂನು ಅದು. ಒಳ್ಳೆಯ ಕಾನೂನು, ನಾನು ಪೂರ್ತಿ ಅದರ ಪರ. ಅದು ಕಂಪನಿಗಳಿಗೆ ಹಾಕಿದ ಲಗಾಮು, ಕಾಯಿಲೆಯಿಂದ ಎದ್ದು ಮಗುವಿನ ಹೊಟ್ಟೆ ತುಂಬಿಸುತ್ತಿರುವ ನಿಮ್ಮ ಮೇಲಿನ ದೂರು ಖಂಡಿತ ಅಲ್ಲ. ಎದೆಹಾಲು ಇನ್ನೂ ಸ್ವಲ್ಪ ಇದ್ದರೆ ಬಾಟಲಿಗೆ ಮೊದಲು ಎದೆಗೆ ಹಾಕಿಕೊಳ್ಳಿ. ಮಗು ಚೀಪಿದಷ್ಟೂ ಹಾಲು ಏರುವ ಸಾಧ್ಯತೆ ಇದೆ, ಹತ್ತು ವಾರ ತಡವೇನಲ್ಲ. ನೀವು ತೆಗೆದುಕೊಳ್ಳುವ ಔಷಧಿಯ ಹೆಸರು ಹೇಳಿ, ಹೆರಿಗೆ ಮಾಡಿಸಿದ ಡಾಕ್ಟರಲ್ಲಿ ಈ ಬಗ್ಗೆ ಕೇಳಿ. ಆಗದಿದ್ದರೂ ಮಗು ಚೆನ್ನಾಗಿ ಬೆಳೆಯುತ್ತದೆ, ಈಗಲೇ ಬೆಳೆಯುತ್ತಿದೆ.

ಮನೆಯಲ್ಲಿ ದಿನಾ ನೋಡಬೇಕಾದದ್ದು ಉಚ್ಚೆ. 24 ಗಂಟೆಗೆ ಆರು ಸಲವಾದರೂ ತಿಳಿ ಬಣ್ಣದ ಉಚ್ಚೆ ಹೋಗಬೇಕು. ಬಟ್ಟೆ ಒಣಗದ ಮಳೆಗಾಲದಲ್ಲಿ ಎಲ್ಲರೂ ಡೈಪರಿಗೆ ಹೋಗುತ್ತಾರೆ, ಆಗ ಲೆಕ್ಕ ಸಿಗುವುದಿಲ್ಲ. ಒಂದು ಡೈಪರಿನಲ್ಲಿ ಎರಡು ಮೂರು ಸಲದ್ದು ಸೇರಿರುತ್ತದೆ. ಸಂಶಯ ಬಂದ ದಿನ ಹಳೆಯ ಹತ್ತಿ ಬಟ್ಟೆ ಕಟ್ಟಿ ನೋಡಿ. ಎಂಟು ಗಂಟೆ ಉಚ್ಚೆ ಹೋಗದಿದ್ದರೆ, ಸತತ ಎರಡು ಹೊತ್ತು ಹಾಲು ಬೇಡ ಎಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ನೆತ್ತಿ ಒಳಗೆ ಹೋದ ಹಾಗಿದ್ದರೆ, ಹಸಿರು ವಾಂತಿ ಅಥವಾ ಪ್ರತಿ ಸಲ ದೂರಕ್ಕೆ ಚಿಮ್ಮುವ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ, ಬೆಳಿಗ್ಗೆ ಆಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ತೂಕವನ್ನು ದಿನಾ ನೋಡಬೇಡಿ, ಸುಮ್ನೆ ತಲೆಬಿಸಿ. ಹದಿನೈದು ದಿನಕ್ಕೊಮ್ಮೆ ಅಂಗನವಾಡಿಯಲ್ಲಿ, ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ. ತಾಯಿ ಕಾರ್ಡಿನ ಗೆರೆಯ ಮೇಲೆ ಚುಕ್ಕೆ ಇಡಿಸಿಕೊಳ್ಳಿ. ಚುಕ್ಕೆಗಳು ಗೆರೆಯ ಜೊತೆಗೇ ಮೇಲೆ ಹೋಗುತ್ತಿದ್ದರೆ ಸಾಕು, ಪಕ್ಕದ ಮನೆಯ ಮಗು ಎಷ್ಟು ದಪ್ಪಗಿದೆ ಎಂದು ನೋಡಬೇಕಿಲ್ಲ. ಎರಡು ವಾರಕ್ಕೆ ಏನೂ ಏರದಿದ್ದರೆ ಮಾತ್ರ ತೋರಿಸಿ. 14ನೇ ವಾರದ ಚುಚ್ಚುಮದ್ದಿಗೆ ಹೋದಾಗ ಸಿಗುವ ಹೊಸ ತೂಕವನ್ನು ಮತ್ತೆ 150ರಿಂದ ಗುಣಿಸಿ ನೋಡಿ. ಅಷ್ಟರಲ್ಲಿ ಅವಳು 120, 150ರ ಬಾಟಲಿ ಕೇಳಲು ಶುರುಮಾಡಿರಬಹುದು, ಏಳು ಸಲ ಆರಕ್ಕೆ ಇಳಿದಿರಬಹುದು.